ಚಿಕ್ಕಜಾಜೂರಿನಲ್ಲಿ ಹಾಕಿಸಿಕೊಂಡ ಡಯೋಡು

ಅಕ್ಕನ ಹೂದೋಟಕ್ಕೆಂದು, ಮಣ್ಣಿನ ತೇವ ನೋಡಿ ತಾನೇ ಮೋಟರ್ ಹಚ್ಚುವ ಯಂತ್ರವೊಂದನ್ನು ಕಟ್ಟಿದ್ದೆ. ಮೈಕ್ರೋಕಂಟ್ರೋಲರ್ ಬೋರ್ಡು, ಮೋಟರನ್ನು ಹಚ್ಚಿ ಆರಿಸುವ ಒಂದು ರಿಲೇ, ರಾಶಿ ವೈರು, ಎಲ್ಲ ಒಂದು ಸ್ಟೀಲ್ ಡಬ್ಬಿಯಲ್ಲಿ. ಕಷ್ಟವೆಂದರೆ, ರಿಲೇ ಆರಿದಾಗಲೆಲ್ಲ ಬೋರ್ಡು ಸತ್ತು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಚಿಕ್ಕಜಾಜೂರಿನಲ್ಲಿ ರೈಲು ಬದಲಿಸಲು ಕೂತವನು, ವೈರೇನಾದರೂ ಸಡಿಲವಾಗಿದೆಯೇ ನೋಡೋಣವೆಂದು ಡಬ್ಬಿ ತೆರೆದೆ. ಪೊಲೀಸಪ್ಪನೊಬ್ಬ ಬಂದು ನಿಂತ.

"ಏನ್ರಿ ಇದು? ಮುಟ್ಟಬ್ಯಾಡ್ರಿ, ಕೆಳಗಿಡ್ರಿ!"

ಗಿಡಕ್ಕೆ ನೀರು ಬಿಡುವ ಯಂತ್ರ ಎಂದರೆ ಅವನು ನಂಬಲಿಲ್ಲ. ಬಾಂಬೇ ಇರಬೇಕೆಂದು ಅವನ ಗುಮಾನಿ.

ಪಕ್ಕದ ಬೆಂಚಿನಿಂದ ಮುದುಕರೊಬ್ಬರು ಎದ್ದು ಬಂದರು. ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿ ನಿವೃತ್ತರಾದವರಂತೆ. ಇಣುಕಿ ನಕ್ಕರು. "ಇದು ರಿಲೇ ಕಣಪ್ಪ, ಹೆದರಬ್ಯಾಡ. ನಮ್ಮ ಕಾಲದಾಗೆ ಇಟ್ಟಿಗೆಯಷ್ಟು ದಪ್ಪ ಇತ್ತು." ಆಮೇಲೆ ನನ್ನತ್ತ ತಿರುಗಿ, "ಕಾಯಿಲ್‌ಗೆ ಡಯೋಡ್ ಎಲ್ಲೈತೆ? ಕರೆಂಟ್ ನಿಂತಾಗ ಕಾಯಿಲ್ ವಾಪಸ್ ಒದೀತೈತೆ, ಅದಕ್ಕೇ ಬೋರ್ಡ್ ಸಾಯ್ತೈತೆ. ಒಂದು ಡಯೋಡ್ ಉಲ್ಟಾ ಹಾಕ್ರಿ, ಆ ಒದೆತ ಅದು ತಡೀತೈತೆ," ಎಂದರು.

ಬಿಡಿಭಾಗಗಳ ಪೊಟ್ಟಣದಲ್ಲಿ ಡಯೋಡ್ ಇತ್ತು. ನಡುಗುವ ಬೆರಳಲ್ಲಿ ಅವರೇ ಅದರ ಕಾಲು ತಿರುಚಿ ಸೇರಿಸಿದರು. ಪವರ್‌ಬ್ಯಾಂಕ್ ಹಚ್ಚಿದೆ. ರಿಲೇ ಹತ್ತು ಸಲ ಟಕ್ಕೆಂದರೂ ಬೋರ್ಡು ಜಗ್ಗಲಿಲ್ಲ. ಹೆಸರು ಕೇಳುವಷ್ಟರಲ್ಲಿ ಅವರ ರೈಲು ಬಂತು.

ಈಗಿನ ರಿಲೇ ಬೋರ್ಡುಗಳು ಡಯೋಡ್ ಹೊತ್ತುಕೊಂಡೇ ಬರುತ್ತವೆ, ಯಾರನ್ನೂ ಕೇಳಬೇಕಿಲ್ಲ. ಆದರೂ ಹೊಸದೊಂದನ್ನು ಬಿಚ್ಚಿದಾಗಲೆಲ್ಲ ಆ ಬೆರಳುಗಳು ಕಣ್ಣಿಗೆ ಕಟ್ಟುತ್ತವೆ. ಪೊಲೀಸಪ್ಪನೂ ನೆನಪಾಗುತ್ತಾನೆ. ನಾನು ರೈಲು ಹತ್ತುವಾಗ ಹಿಂದೆಯೇ ಬಂದು ಮೆಲ್ಲಗೆ ಕೇಳಿದ್ದ: "ಸಾರ್, ನಮ್ಮನೆ ಟ್ಯಾಂಕ್ ದಿನಾ ತುಂಬಿ ಹರೀತೈತೆ. ಅದಕ್ಕೊಂದು ಮಾಡ್ಕೊಡ್ತೀರಾ?"