ಗಿರಣಿಯಾಗ ಫೋನ್ ಚಾರ್ಜಿಗೆ ಹಚ್ಚಿದ್ದು

ಸ್ಮಾರ್ಟ್‌ಫೋನ್ ಆಗಷ್ಟ ನನ್ನ ಕೈಗೆ ಬಂದಿತ್ತು. ಬೀಜದ ಕಂಪನಿ ಕೆಲಸಕ್ಕ ಮಸೂತಿ ಅನ್ನೋ ಹಳ್ಳಿಗೆ ಹೋಗಿದ್ದೆ. ಹೆಂಡತಿ ಹೆರಿಗಿಗೆ ವಿಜಾಪುರದ ದವಾಖಾನಿಯಾಗ ಇದ್ಲು. ಅತ್ತಿ ಯಾವಾಗ ಫೋನ್ ಮಾಡ್ತಾರೋ ಗೊತ್ತಿರಲಿಲ್ಲ, ಬ್ಯಾಟರಿ ನೋಡಿದ್ರ ಮುಗಿಯಾಕ ಬಂದಿತ್ತು.

ಹಿಟ್ಟಿನ ಗಿರಣಿ ನಡಸೋ ರಾಜಾಸಾಬ್ರು, "ಇಲ್ಲೇ ಹಚ್ಚರಿ" ಅಂತ ಪ್ಲಗ್ ತೋರಿಸಿದ್ರು. ಹಚ್ಚಿದೆ. ಚಾರ್ಜ್ ಆಗಲಿಲ್ಲ.

"ಸಾಹೇಬ್ರ, ಆಗವಲ್ದರಿ!" ಅಂತ ಒದರಿದೆ. ಆ ಸಪ್ಪಳದಾಗ ನನ್ನ ಮಾತು ಕೇಳಲಿ ಅಂತ ಅವರು ಗಿರಣಿ ಬಂದ್ ಮಾಡಿ ಬಂದ್ರು.

"ಆಗಾಕತ್ತೈತಲ್ರಿ!"

ಹೌದು, ಆಗಾಕತ್ತಿತ್ತು! ಅವರು ಹೋಗಿ ಗಿರಣಿ ಚಾಲೂ ಮಾಡಿದ್ರು, ಮತ್ತ ಚಾರ್ಜ್ ನಿಂತಿತು. ಪಿನ್ ಒರಸಿದೆ, ಊದಿದೆ. ಮತ್ತ ಕರೆದೆ. ಗಿರಣಿ ನಿಲ್ಲಿಸಿ ಬಂದ್ರು, ಮತ್ತ ಚಾರ್ಜ್! ನನ್ನ ಫೋನು ಅವರೊಬ್ಬರಿಗೇ ಅಂಜತಿತ್ತೇನೋ.

ಜೋಳದ ಬುಟ್ಟಿ ಇಟ್ಕೊಂಡು ಪಾಳಿಗೆ ಕುಂತಿದ್ದ ಮುದುಕಿಗೆ ಸಿಟ್ಟು ಬಂತು. "ಎಪ್ಪಾ, ನಿನ್ನ ಫೋನ್ ಸಲುವಾಗಿ ನಮ್ಮ ಮನ್ಯಾಗ ರೊಟ್ಟಿ ನಿಂತಾವ!"

ಮಾರಿ ಸಣ್ಣದು ಮಾಡ್ಕೊಂಡು ಗ್ವಾಡಿಗೆ ಆನಿಕೊಂಡಾಗ ತಿಳೀತು. ಗಿರಣಿ ಓಡಿದ್ರ ಗ್ವಾಡಿ ನಡುಗಿ, ಸಡಲಾದ ಪ್ಲಗ್‌ನಾಗ ಚಾರ್ಜರ್ ಅಳ್ಳಾಡತಿತ್ತು. ಹಿಟ್ಟು ಬೀಳಬಾರದಂತ ಫೋನನ್ನ ಟವೆಲ್ಲಿನಾಗ ಸುತ್ತಿಟ್ಟು, ಚಾರ್ಜರ್ ಒತ್ತಿ ಹಿಡ್ಕೊಂಡು ನಿಂತೆ. ನನ್ನ ಮೈಯೆಲ್ಲ ಹಿಟ್ಟಾತು, ಬ್ಯಾಟರಿ ತುಂಬಿತು.

ಹೊರಗ ಬಂದು ಟವೆಲ್ ಬಿಚ್ಚಿದ್ರ, ಅತ್ತಿ ಫೋನ್ ಮ್ಯಾಲ ಫೋನ್ ಮಾಡಿದ್ರು. ಗಿರಣಿ ಸಪ್ಪಳದಾಗ ಒಂದೂ ಕೇಳಿರಲಿಲ್ಲ. ನಾನ ತಿರುಗಿ ಫೋನ್ ಹಚ್ಚಿದಾಗ ಗೊತ್ತಾತು, ಮಗಳು ಹುಟ್ಟಿದ್ಲು.

"ನಿಮ್ಮ ಫೋನ್ ತಪ್ಪಬಾರದಂತ ಚಾರ್ಜ್ ಮಾಡಾಕತ್ತಿದ್ದೆ, ಅದಕ್ಕ ಎತ್ತಲಿಲ್ರಿ ಅತ್ತಿ" ಅಂದೆ. ಮಗಳು ಈಗ ಕಾಲೇಜಿಗೆ ಹೋಗ್ತಾಳ. ಅತ್ತಿ ಇನ್ನೂ ನಂಬಿಲ್ಲ.