ಡಿಕೋಬೆ ಆರಿಸಿದ ಚಾಕು

ಬೇಟೆ ಸುಲಿಯುವ ಡಿಕೋಬೆ ಚಾಕು ಆರಿಸಲು ಕೂತನೆಂದರೆ ನಮ್ಮೂರಿನಲ್ಲಿ ಯಾರಿಗೂ ಬೇರೆ ಕೆಲಸ ನೆನಪಾಗುವುದಿಲ್ಲ. ಬೇಟೆ ಬಿದ್ದ ಜಾಗಕ್ಕೇ ಊರು ಓಡುತ್ತದೆ. ಕಲಹರಿಯ ಬಿಸಿಲು ಯಾರಿಗೂ ಕಾಯುವುದಿಲ್ಲ, ಹೊಟ್ಟೆ ಬೇಗ ಬಗೆಯದಿದ್ದರೆ ಮಾಂಸ ಹಳಸಿಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ ಡಿಕೋಬೆ ಗೋಣಿಚೀಲ ಹಾಸಿ, ಅದರ ಮೇಲೆ ಊರವರ ಚಾಕುಗಳನ್ನು ಸಾಲಾಗಿ ಇಡಿಸಿ, ಹೆಣ್ಣು ನೋಡಲು ಬಂದ ಗಂಡಿನಂತೆ ಒಂದೊಂದನ್ನೂ ದಿಟ್ಟಿಸುತ್ತಾನೆ. ಉಗುರಿನಿಂದ ತಟ್ಟಿ ಕಿವಿಗೊಡುತ್ತಾನೆ. ಮೂಸುತ್ತಾನೆ. ಕೊನೆಗೆ ಎಡಗೈಯ ಕೂದಲು ಬೋಳಿಸಿ ನೋಡುತ್ತಾನೆ. ಅವನ ಎಡಗೈ ವರ್ಷವಿಡೀ ಬೋಳು, ಬಲಗೈ ಕರಡಿಯದು.

ಇಷ್ಟೆಲ್ಲ ಯಾಕೆಂದರೆ, ಯಾರ ಚಾಕು ಮೊದಲು ಚರ್ಮ ಸೀಳುತ್ತದೋ ಅವರೇ ಅಂದಿನ ಮಾಂಸ ಹಂಚಬೇಕು. ಹಂಚುವವರು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಾರೆ. ಪಾಲು ತೆಗೆದುಕೊಂಡವರೆಲ್ಲ ಅವರನ್ನು ಬೈಯಬೇಕು, ಅವರು ತಿರುಗಿ ಬೈಯಬೇಕು. ಬಾಯಿ ಮುಚ್ಚಿಕೊಂಡು ಮಾಂಸ ಒಯ್ದವನನ್ನು ನಾವು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಲಿಯುವವನ ಮನೆಯ ಚಾಕು ಮಾತ್ರ ಆಗದು. ಹಾಗಾಗಿ ಇಡೀ ಊರಿನ ಚಾಕು ಬಲ್ಲ ಡಿಕೋಬೆಗೆ ಸ್ವಂತದ್ದೆಂದು ಒಂದು ಚಾಕೂ ಇರಲಿಲ್ಲ. ಅಡುಗೆಮನೆಯಲ್ಲಿ ಅವನ ಹೆಂಡತಿ ಸಾದಿಯದೊಂದು ಇತ್ತು, ಅದನ್ನು ಅವನು ಕಣ್ಣೆತ್ತಿಯೂ ನೋಡಿದವನಲ್ಲ. ಮನೆಯಲ್ಲಿ ಒಂದು ಈರುಳ್ಳಿ ಹೆಚ್ಚಿಕೊಟ್ಟ ಪುಣ್ಯ ಅವನ ಖಾತೆಯಲ್ಲಿಲ್ಲ.

ಇನ್ನೊಂದು ಗುಟ್ಟು, ಗುಟ್ಟೇನು ಬಂತು, ಎಲ್ಲರಿಗೂ ಗೊತ್ತಿದ್ದದ್ದೇ. ಅವನು ಮೂಸುತ್ತಿದ್ದದ್ದು ಉಕ್ಕನ್ನಲ್ಲ, ಮನುಷ್ಯರನ್ನು. ಹೆಂಡತಿಯೊಡನೆ ಮುನಿಸಿಕೊಂಡು ಮೂಲೆ ಸೇರಿದವನ ಚಾಕುವಿಗೆ ಅಂದು ಭಾರೀ ಹರಿತ ಬಂದಿರುತ್ತಿತ್ತು. ಹೊಸ ಪಿಕಪ್ ಕೊಂಡು ಬೀಗುತ್ತಿದ್ದವನ ಚಾಕು ಎಷ್ಟು ಮಸೆದರೂ ಮೊಂಡಾಗಿರುತ್ತಿತ್ತು.

ಈ ಸಲ ಅವನ ತಲೆಯಲ್ಲಿದ್ದವಳು ದಿಮಕಾತ್ಸೊ. ಅವಳ ಗಂಡ ಊರಿಗೇ ಹೆಸರಾದ ಹೆಜ್ಜೆಗಾರ, ಮರಳಿನ ಮೇಲಿನ ಗೀರು ನೋಡಿ ಪ್ರಾಣಿಯ ವಯಸ್ಸು ಹೇಳುತ್ತಿದ್ದವನು, ಡಿಕೋಬೆಯ ಜೀವದ ಗೆಳೆಯ. ಅವನು ಜ್ವರದಲ್ಲಿ ಹೋದ. ಸೂತಕದ ಕಪ್ಪು ಬಟ್ಟೆ ತೆಗೆದು ತಿಂಗಳುಗಳಾಗಿದ್ದವು, ದಿಮಕಾತ್ಸೊ ಮಾತ್ರ ಬೇಲಿ ದಾಟಿ ಬಂದಿರಲಿಲ್ಲ. ಮೊದಲು ಅವಳು ಬಾಯಿ ತೆರೆದರೆ ಕತ್ತೆಗಳೂ ದಾರಿ ಬಿಡುತ್ತಿದ್ದವು. ಈಗ ಊರು ಅವಳ ಮನೆಗೇ ಮಾಂಸ ಕಳಿಸುತ್ತಿತ್ತು, ಒಳ್ಳೊಳ್ಳೆಯ ತುಂಡನ್ನೇ. ಅವಳು ತಲೆಬಗ್ಗಿಸಿ ತೆಗೆದುಕೊಂಡು ಬಾಗಿಲು ಮುಚ್ಚುತ್ತಿದ್ದಳು. ಒಬ್ಬರೂ ಅವಳನ್ನು ಬೈಯುತ್ತಿರಲಿಲ್ಲ. ಅದನ್ನು ಡಿಕೋಬೆಗೆ ಸಹಿಸಲಾಗುತ್ತಿರಲಿಲ್ಲ. ಬದುಕಿರುವವಳನ್ನೂ ಗಂಡನ ಜೊತೆ ಹೂತುಬಿಟ್ಟರಲ್ಲ ಎಂದು ಸಾದಿಯ ಮುಂದೆ ಗೊಣಗುತ್ತಿದ್ದ.

ಕೂಡು ಎಂಬ ಜಾತಿಯ, ಸುರುಳಿಕೊಂಬಿನ ಗಂಡು ಜಿಂಕೆಯೊಂದು ಊರ ಹತ್ತಿರದಲ್ಲೇ ಓಡಾಡುತ್ತಿದೆ ಎಂಬ ಸುದ್ದಿ ಬಂದಾಗ ಅವನು ದಿಮಕಾತ್ಸೊಳ ಬೇಲಿಯ ಬಳಿ ನಿಂತು, "ನಾಳೆ ಒಂದು ಚಾಕು ತಗೊಂಡು ಬಾರಮ್ಮ," ಎಂದಿದ್ದ.

"ನಮ್ಮನೇಲಿ ಚಾಕು ಎಲ್ಲಿದೆ ಅಣ್ಣ? ಅವರ ಸಾಮಾನೆಲ್ಲ ನೆಂಟರು ಹಂಚ್ಕೊಂಡು ಹೋದ್ರಲ್ಲ."

"ಎಂಥದೋ ಒಂದು ಇರುತ್ತೆ, ಹುಡುಕು. ತರದಿದ್ರೆ ನಾನು ಸುಲಿಯೋದೇ ಇಲ್ಲ, ಕೂಡು ಕೊಳೀಲಿ."

ಮರುದಿನ ಕೂಡು ಮುಳ್ಳುಜಾಲಿಯ ಕೆಳಗೆ ಬಿತ್ತು. ಹಸಿ ಸೊಪ್ಪಿನ ಮೇಲೆ ಅದನ್ನು ಅಂಗಾತ ಮಲಗಿಸಿದರು. ಗೋಣಿಯ ಮೇಲೆ ಚಾಕುಗಳು ಬಂದವು. ಮೊದಲು ಬಂದದ್ದು ಮೊತೀಬೆಯದು. ಹಂಚುವ ಬಕೆಟ್ಟಿನ ಮೇಲೆ ಕೂರಬೇಕೆಂದು ಬಹುದಿನದಿಂದ ಬಾಯಲ್ಲಿ ನೀರೂರಿಸಿಕೊಂಡಿದ್ದವನು ಅವನು. ಅವನ ಚಾಕು ಮೊಳದುದ್ದ, ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ.

"ಮಾವ, ವಿದೇಶದ ಉಕ್ಕು ಇದು," ಎಂದ ಮೊತೀಬೆ.

ಡಿಕೋಬೆ ಅದನ್ನು ಎರಡು ಬೆರಳಲ್ಲಿ ಎತ್ತಿದ. "ಇದರಲ್ಲಿ ಕೂಡು ಸುಲೀಬೇಕೋ, ರೈಲು ಹಳಿ ಕುಯ್ಯಬೇಕೋ? ಹೊಟ್ಟೆಗೆ ಹಾಕಿದ್ರೆ ತುದಿ ಕರುಳಿಗೆ ಹೋಗಿ ನಿಲ್ಲುತ್ತೆ. ಸಗಣಿ ಹತ್ತಿದ ಮಾಂಸ ನೀನೊಬ್ಬನೇ ತಿಂತೀಯಾ?"

ಇನ್ನೊಂದರ ಹಿಡಿ ರಕ್ತ ತಾಗಿದರೆ ಜಾರುತ್ತದೆ ಎಂದ. ಮತ್ತೊಂದರ ಮೂತಿ ಚೂಪು, ಚರ್ಮ ತೂತಾಗುತ್ತದೆ ಎಂದ. ಹೇಳಿದ್ದೆಲ್ಲ ನಿಜವೇ. ಅಷ್ಟರಲ್ಲಿ ಹೆಂಗಸರ ಹಿಂದಿನಿಂದ ದಿಮಕಾತ್ಸೊ ಬಂದು, ತಂತಿ ಸುತ್ತಿದ ಹಿಡಿಯ, ಅಲಗಿಗೆ ಜೋಳದ ಗಂಜಿ ಅಂಟಿದ್ದ ಪುಟ್ಟ ಚಾಕು ಇಟ್ಟು ಹಿಂದೆ ಸರಿದಳು. 

ಡಿಕೋಬೆ ತಟ್ಟಿದ, ಮೂಸಿದ. ಕೈ ಮೇಲೆ ಎಳೆದರೆ ಒಂದು ಕೂದಲೂ ಅಲುಗಲಿಲ್ಲ.

"ಆಹಾ," ಎಂದ. "ಅಂಗೈ ಉದ್ದದ ಅಲಗು, ಅಲಗಿಗೆ ಉಬ್ಬಿದ ಹೊಟ್ಟೆ, ಚರ್ಮಕ್ಕೂ ಮಾಂಸಕ್ಕೂ ನಡುವೆ ದಾರಿ ತಾನೇ ಹುಡುಕ್ಕೊಳ್ಳುತ್ತೆ. ಇಂಥ ಚಾಕು ನನ್ನ ಜನ್ಮದಲ್ಲಿ ನೋಡಿರ್ಲಿಲ್ಲ."

ಅಲಗಿನ ಬಾಯಿ ಮೇಲೆ ಮಾಡಿ ಎದೆಯ ಕೆಳಗೆ ಮೊದಲ ಗೀರು ಹಾಕಿದ. ಗೀರೆಲ್ಲಿ, ಗರಗಸ ಎಳೆದಂತೆ ಎಳೆದ. ಹೇಗೋ ಚರ್ಮ ಬಿಟ್ಟುಕೊಟ್ಟಿತು. ಆಮೇಲಿನದನ್ನು ಚಾಕುವಿಗಿಂತ ಮುಷ್ಟಿಯಿಂದಲೇ ಗುದ್ದಿ ಬಿಡಿಸಿದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. "ಬೆಣ್ಣೆ, ಬೆಣ್ಣೆ," ಎನ್ನುತ್ತಲೇ ಇದ್ದ. ಕೂಡಿನ ಚರ್ಮದ ಅಂಗಿ ಅರ್ಧ ಕಳಚಿದಾಗ ದಿಮಕಾತ್ಸೊ ಮೆಲ್ಲಗೆ ಹೇಳಿದಳು:

"ಅಣ್ಣ, ಅದು ನಂದಲ್ಲ. ಸಾದಿ ಅತ್ತಿಗೇದು. ನಿನ್ನೆ ಕೇಳಿ ತಂದೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಡಿಕೋಬೆಯ ಕೈ ನಿಂತಿತು. ಚಾಕುವನ್ನು ತಿರುಗಿಸಿ ನೋಡಿದ. ಮದುವೆಯಾದ ಲಾಗಾಯ್ತು ಅವನಿಗೆ ಅನ್ನ ಹಾಕಿದ ಚಾಕು ಅದು. ಮೊದಲು ನಕ್ಕವಳು ಅವನ ಹೆಂಡತಿಯೇ. ನಗು ಊರಿಗೆಲ್ಲ ಹತ್ತಿಕೊಂಡಿತು. ಮೊತೀಬೆಗೆ ಮಾತ್ರ ನಗು ಬರಲಿಲ್ಲ.

"ಸುಲಿಯೋನ ಮನೆ ಚಾಕು. ಹಾಗಾದ್ರೆ ಹಂಚೋರು ಯಾರು?"

"ನಂದು ಅಂತ ಯಾರು ಹೇಳಿದ್ದು?" ಎಂದಳು ಸಾದಿ, ಕಣ್ಣೊರೆಸಿಕೊಳ್ಳುತ್ತ. "ಅವಳು ಹಿಟ್ಟು ಕೊಟ್ಟಳು, ನಾನು ಚಾಕು ಕೊಟ್ಟೆ. ಬದಲಾಯಿಸ್ಕೊಂಡಾಯ್ತು."

"ನಾನೆಲ್ಲಿ ಹಿಟ್ಟು ಕೊಟ್ಟೆ ಅತ್ತಿಗೆ?" ಎಂದಳು ದಿಮಕಾತ್ಸೊ.

"ನಾಳೆ ಕೊಡ್ತೀಯ. ಸುಮ್ನಿರೇ."

ಮೊತೀಬೆಗೆ ರೇಗಿತು. "ಗಂಡ ಹೆಂಡತಿ ಸೇರ್ಕೊಂಡು ಗಂಡ ಸತ್ತೋಳನ್ನ ಮುಂದೆ ಬಿಟ್ಟು ಮಾಂಸ ಹೊಡೀತಾ ಇದೀರಾ. ಅವಳೂ ಅಷ್ಟೇ, ಬಾಯಲ್ಲಿ ಬೆಟ್ಟಿಟ್ರೆ ಕಚ್ಚೋಕೆ ಬರದ ಹಾಗೆ ನಾಟಕ ಆಡ್ತಾಳೆ."

 ಗಂಡ ಹೋದ ಮೇಲೆ ಅವಳ ಮುಖಕ್ಕೆ ಎದುರಾಗಿ ಹಾಗೆ ಯಾರೂ ಆಡಿರಲಿಲ್ಲ.  ಈಗ ಅವಳು ಮನೆಗೆ ಹೊರಟರೆ ಇನ್ನೆಂದೂ ಹೊರಗೆ ಬರುವುದಿಲ್ಲ ಎಂದು ಡಿಕೋಬೆಗೆ ಅನ್ನಿಸಿತು.

ದಿಮಕಾತ್ಸೊ ಹೋಗಲಿಲ್ಲ. ಸೆರಗುಬಟ್ಟೆಯನ್ನು ಸೊಂಟಕ್ಕೆ ಬಿಗಿದಳು.

"ಮೊತೀಬೆ, ನಿನ್ನ ಚಾಕುನಲ್ಲಿ ದಿಕ್ಕು ತೋರಿಸೋ ಯಂತ್ರ ಇದೆಯಂತಲ್ಲ. ಮೊನ್ನೆ ಕತ್ತೆ ಹುಡುಕೋಕೆ ಹೋಗಿ ನೀನೇ ಕಳೆದುಹೋದಾಗ ಅದು ಏನು ಮಾಡ್ತಿತ್ತು, ನಿದ್ದೆನಾ? ಕತ್ತೆ ಸಂಜೆಗೇ ಮನೆಗೆ ಬಂತು. ನೀನು ಬರಲಿಲ್ಲ. ನನ್ನ ಗಂಡ ಇದ್ದಿದ್ರೆ ನಿಮ್ಮಿಬ್ಬರ ಹೆಜ್ಜೆ ನೋಡಿ ಬುದ್ಧಿ ಇರೋದು ಯಾರಿಗೆ ಅಂತ ಹೇಳ್ತಿದ್ರು."

ಗಂಡ ಸತ್ತ ಮೇಲೆ ಊರ ಮುಂದೆ ಅವಳು ಅವನ ಮಾತೆತ್ತಿದ್ದು ಅದೇ ಮೊದಲು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದುಕಿಯೊಬ್ಬಳು ಮರಳಲ್ಲೇ ಕೂತುಬಿಟ್ಟಳು. ಮೊತೀಬೆ ಒಂದು ಗಳಿಗೆ ಮುಖ ಗಂಟು ಹಾಕಿ ನಿಂತು, ಆಮೇಲೆ ತಾನೇ ಬಕೆಟ್ಟನ್ನು ಎಳೆದು ಅವಳ ಮುಂದೆ ಬೋರಲು ಹಾಕಿದ.

"ಕೂತ್ಕೊಳೇ ಹಾಗಾದ್ರೆ. ಹೇಗೆ ಹಂಚ್ತೀಯೋ ನಾನೂ ನೋಡ್ತೀನಿ."

ಚಾಕು ಯಾರದೆಂದು ಮತ್ತೆ ಯಾರೂ ಕೇಳಲಿಲ್ಲ. ಡಿಕೋಬೆ ನಾಚಿಕೆ ಬಿಟ್ಟು ಬೇರೆಯವರ ಒಳ್ಳೆಯ ಚಾಕು ಇಸಿದುಕೊಂಡು ಉಳಿದರ್ಧ ಸುಲಿದ, ಕರುಳಿಗೆ ತಾಗದಂತೆ ಹೊಟ್ಟೆ ತೆರೆದ. ಸಂಜೆಯವರೆಗೂ ಅವಳು ಕೂತು ಹಂಚಿದಳು. ಪಕ್ಕೆ ಸಣ್ಣದಾಯಿತೆಂದು ಬೈದರು, ಯಕೃತ್ತು ಕಹಿ ಎಂದು ಬೈದರು, ಇಷ್ಟು ಬಡಕಲು ಕೂಡು ಹುಟ್ಟಿದ್ದೇ ಅವಳ ತಪ್ಪೆಂದು ಬೈದರು. ಅವಳು ಒಬ್ಬರನ್ನೂ ಬಿಡಲಿಲ್ಲ.

ಸಾಲು ಸವೆಯುತ್ತ ಬಂದಾಗ ಡಿಕೋಬೆಯೂ ಬಂದ. ಅವನಿಗೆ ಕತ್ತಿನ ತುದಿ ಸಿಕ್ಕಿತು, ಮಾಂಸಕ್ಕಿಂತ ಮೂಳೆಯೇ ಹೆಚ್ಚು.

"ಇದನ್ನ ನಾಯಿ ಮುಂದೆ ಹಾಕಿದ್ರೆ ನಾಯಿನೂ ಅಳುತ್ತೆ," ಎಂದ.

"ಅಳೋದಾದ್ರೆ ಆಚೆ ಹೋಗಿ ಅಳು ಅಣ್ಣ. ಹಿಂದೆ ಜನ ಇದಾರೆ."

ಅವನು ಮೂಳೆ ಹಿಡಿದುಕೊಂಡು ಮರದ ಆಚೆಗೆ ಹೋದ. ಅವಳು ಹೇಳಿದಂತೆಯೇ ಮಾಡಿದ.