ಬೆನ್ನ ಹಿಂದೆ ಸಿಕ್ಕಿಸಿದ ಬೆಲ್ಟು

ನನ್ನ ತಂಗಿ ಕೊಟ್ರಮ್ಮ ಆವತ್ತು ಕಾರಿನಲ್ಲಿ ಬೆಲ್ಟು ಬಿಚ್ಚಿಕೊಂಡಿರಲಿಲ್ಲ. ಹಾಕಿಕೊಳ್ಳುತ್ತೇನೆ ಎಂದವಳು ಅವಳು. ಬೇಡ ಎಂದವನು ನಾನು. ಅವಳ ಹೊಟ್ಟೆಯಲ್ಲಿದ್ದ ಏಳು ತಿಂಗಳ ಮಗು ಹೋದ ಮೇಲೆ, "ಅವಳೇ ಬಿಚ್ಚಿಕೊಂಡಳು" ಎಂದು ಡಾಕ್ಟರಿಗೂ ಅವಳ ಗಂಡನಿಗೂ ಅತ್ತೆಗೂ ಹೇಳಿದವನು ನಾನೇ. ಆರು ವರ್ಷವಾಯಿತು. ಇಷ್ಟು ವರ್ಷ ಈ ಸುಳ್ಳನ್ನು ಹೇಳಿಕೊಂಡು ಎರಡು ಹೊತ್ತು ಉಂಡಿದ್ದೇನೆ, ನಿದ್ದೆಯನ್ನೂ ಮಾಡಿದ್ದೇನೆ — ನಿದ್ದೆ ಬರಲಿಲ್ಲ ಎಂದು ಇನ್ನೊಂದು ಸುಳ್ಳು ಸೇರಿಸಲಾರೆ.

ನಾನು ಯಾರೆಂದು ಹೇಳಿದರೆ ನಿಮಗೆ ಇನ್ನಷ್ಟು ಸಿಟ್ಟು ಬರುತ್ತದೆ, ಬರಲಿ. ಹಗರಿಬೊಮ್ಮನಹಳ್ಳಿಯಲ್ಲಿ ಕಾರು ಕಲಿಸುವ ಮೇಷ್ಟ್ರು ನಾನು. ಮೊದಲ ದಿನ ನಾನು ಎಂಜಿನ್ನನ್ನೇ ಚಾಲೂ ಮಾಡಿಸುವುದಿಲ್ಲ. ಕೂರುವುದನ್ನು ಕಲಿಸುತ್ತೇನೆ. ಸೊಂಟ ಸೀಟಿನ ಮೂಲೆಗೆ ತಾಗಬೇಕು, ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು, ತಲೆದಿಂಬು ಕುತ್ತಿಗೆಗಲ್ಲ, ತಲೆಯ ಹಿಂದಕ್ಕೆ ಬರಬೇಕು. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲೆ ಬರಕೂಡದು, ಸೊಂಟದ ಎಲುಬಿನ ಮೇಲೆ ಕೂರಬೇಕು. ಕಲಿಯಲು ಬಂದವರು ನಗುತ್ತಾರೆ. "ಕುಂದ್ರೋದು ನಮಗ ಬರ್ತೈತ್ರಿ ಮೇಷ್ಟ್ರೇ, ಗೇರ್ ಹೇಳ್ರಿ" ಅನ್ನುತ್ತಾರೆ. ಬರುವುದಿಲ್ಲ ಕಣ್ರೀ! ನಿಮಗೆ ಯಾರಿಗೂ ಕೂರಲು ಬರುವುದಿಲ್ಲ. ಪಕ್ಕದ ಸೀಟನ್ನು ಮಂಚದ ಹಾಗೆ ಹಿಂದಕ್ಕೆ ಬಾಗಿಸಿ, ಕಾಲೆತ್ತಿ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ, ಬೆಲ್ಟಿಲ್ಲ ಎಂದು ಕಾರು ಕುಯ್‌ಕುಯ್ ಅನ್ನುವುದು ನಿಂತಿತಲ್ಲ ಎಂದು ಹಲ್ಲು ಕಿರಿಯುತ್ತೀರಿ. ನಾನು ಬೈಯುತ್ತೇನೆ. ಊರಲ್ಲಿ ನನಗೆ ಸಿಟ್ಟಿನ ಮೇಷ್ಟ್ರು ಎಂದೇ ಹೆಸರು. ಆ ಸಿಟ್ಟು ಯಾರ ಮೇಲಿನದು ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಇದೆಲ್ಲ ಆರು ವರ್ಷದ ಹಿಂದೆಯೂ ನನಗೆ ಗೊತ್ತಿತ್ತು. ಆಗಲೇ ಮೂರು ವರ್ಷದಿಂದ ಕಲಿಸುತ್ತಿದ್ದೆ. ಗೊತ್ತಿಲ್ಲದೆ ಮಾಡಿದ್ದರೆ ಈ ಬರಹವೇ ಬೇಕಿರಲಿಲ್ಲ.

ಆವತ್ತು ಹರಪನಹಳ್ಳಿಯಲ್ಲಿ, ಅವಳ ಗಂಡನ ಮನೆಯಲ್ಲಿ, ಕೊಟ್ರಮ್ಮನ ಕುಬಸ, ಅಂದರೆ ಸೀಮಂತ. ಮದುವೆಯಾಗಿ ಐದು ವರ್ಷಕ್ಕೆ ನಿಂತ ಬಸಿರು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ಹಾಕಿ ಉಡಿ ತುಂಬಿದರು. ತುಂಬಿದ ಉಡಿಯನ್ನು ಗಂಟು ಕಟ್ಟಿ ಮಡಿಲಲ್ಲೇ ಇಟ್ಟುಕೊಂಡು ಹೋಗಬೇಕು. ಸೇರುವ ಮನೆಯ ದೇವರ ಮುಂದೆ ಬಿಚ್ಚಬೇಕು, ದಾರಿಯಲ್ಲಿ ಬಿಚ್ಚಕೂಡದು. ಅದು ನಮ್ಮ ಕಡೆಯ ಪದ್ಧತಿ. ತವರಿಗೆ ಕರೆದೊಯ್ಯಲು ನಾನು ಹೊಸ ಕಾರು ತಂದಿದ್ದೆ. ಉಳಿದವರೆಲ್ಲ ಟ್ರ್ಯಾಕ್ಸ್ ಗಾಡಿ ಹತ್ತಿ ಮುಂದೆ ಹೋಗಿದ್ದರು. ಕಾರಿನಲ್ಲಿ ನಾವಿಬ್ಬರೇ.

ಅವಳು ಕುಳಿತಳು. ಬೆಲ್ಟು ಎಳೆದು ನೋಡಿದಳು. ಉಡಿಯ ಗಂಟು ತೊಡೆಯ ಮೇಲೆ ತೆಂಗಿನಕಾಯಿಯಷ್ಟು ದಪ್ಪಗೆ ಕೂತಿತ್ತು — ಅದರ ಕೆಳಗೆ ಪಟ್ಟಿ ಹೋಗುವಂತಿಲ್ಲ, ಮೇಲೆ ಹಾಕಿದರೆ ನೇರ ಹೊಟ್ಟೆಯ ಮೇಲೆ.

"ಅಣ್ಣಾ, ಉಡಿ ಬಿಚ್ಚಿ ಹಿಂದಿನ ಸೀಟಿನ ಮ್ಯಾಲ ಇಡ್ಲೇನು? ಬೆಲ್ಟ್ ಹಾಕ್ಕೊಂತೀನಿ" ಎಂದಳು. ಇಷ್ಟೇ ಕೇಳಿದ್ದು. ಇಟ್ಟರೆ ಮುಗಿದಿತ್ತು. ಯಾವ ದೇವರು ಎದ್ದು ಬಂದು ಲೆಕ್ಕ ಕೇಳುತ್ತಿದ್ದ?

"ತುಂಬಿದ ಉಡಿ ದಾರ್ಯಾಗ ಬಿಚ್ತಾರೇನಲೇ ಕೊಟ್ರೀ? ಊರಿಗೆಲ್ಲ ಗಾಡಿ ಕಲಿಸೋನ ಪಕ್ಕದಾಗ ಕುಂತು ಹೆದರ್ತಿಯಲ್ಲ. ಸುಮ್ಮನ ಒರಗು" ಎಂದೆ. ಬೆಲ್ಟನ್ನು ನಾನೇ ಅವಳ ಬೆನ್ನ ಹಿಂದಿನಿಂದ ಎಳೆದು ಸಿಕ್ಕಿಸಿದೆ. ಸದ್ದು ನಿಂತಿತು. ಸೀಟನ್ನೂ ನಾನೇ ಹಿಂದಕ್ಕೆ ಬಾಗಿಸಿದೆ. ಆರಾಮ ಆಯ್ತೇನು ಎಂದು ಕೇಳಿದೆ. ಅವಳು ತಲೆಯಾಡಿಸಿದಳು. ನಂತರ ನನ್ನ ಬೆಲ್ಟನ್ನು ಸರಿಯಾಗಿ, ಪಾಠ ಮಾಡುವವನ ಹಾಗೆ, ಎಳೆದು ಹಾಕಿಕೊಂಡೆ. ಇದನ್ನು ಬರೆಯುವಾಗ ಕೈ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಕೊಟ್ಟೂರು ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಗಹಾಕಿದ್ದರು, ಅಂಚಿಗೆ ಕಲ್ಲಿಟ್ಟು. ಎದುರಿಗೆ ಟ್ರ್ಯಾಕ್ಟರ್ ಬಂತು. ವೇಗ ತಗ್ಗಿಸಬೇಕಿತ್ತು, ಹೊಸ ಕಾರು, ಪಕ್ಕದಲ್ಲಿ ತಂಗಿ, ಜಂಬ — ತಗ್ಗಿಸಲಿಲ್ಲ. ಕಾಳಿನ ಮೇಲೆ ಹತ್ತಿಸಿ ಬ್ರೇಕ್ ಒತ್ತಿದೆ. ಕಾಳಿನ ಮೇಲೆ ಚಕ್ರ ಜಾರಿತು. ಮೋರಿಯ ಕಟ್ಟೆಗೆ ಹೋಗಿ ಗುದ್ದಿದೆವು. ನನಗೆ ಏನಾಯಿತು ಗೊತ್ತೇ? ಕುತ್ತಿಗೆಯ ಹತ್ತಿರ ಒಂದು ಗೀರು. ಅವಳು ಬಾಗಿಸಿದ ಸೀಟಿನಿಂದ ಹಾಗೇ ಮುಂದಕ್ಕೆ ಜಾರಿ, ಹೊಟ್ಟೆ ಹೋಗಿ ಡ್ಯಾಶ್‌ಬೋರ್ಡಿಗೆ... ಕಾರಿನ ತುಂಬ ಅಕ್ಕಿ ಚೆಲ್ಲಿತ್ತು.

ಜೋಳ ಒಣಗಿಸಿದವರನ್ನು ಎಷ್ಟು ಬೈದಿದ್ದೇನೆ! ಟ್ರ್ಯಾಕ್ಟರಿನವನನ್ನು ಬೈದಿದ್ದೇನೆ, ರಸ್ತೆ ಮಾಡಿಸಿದವರನ್ನು, ಪದ್ಧತಿ ಮಾಡಿಟ್ಟ ಹಿರಿಯರನ್ನೂ ಬಿಟ್ಟಿಲ್ಲ. ಬೈಗುಳದಲ್ಲಿ ನನ್ನ ಸರದಿ ಬರದ ಹಾಗೆ ನೋಡಿಕೊಂಡೆ.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಸಾಗಿಸುವ ಮೊದಲು ಡಾಕ್ಟರಮ್ಮ ಕೇಳಿದರು — ಬೆಲ್ಟ್ ಹಾಕಿದ್ದರಾ? ಸುಮ್ಮನೆ ಕೇಳಿದ ಪ್ರಶ್ನೆ, ಪೆಟ್ಟು ಎಲ್ಲಿ ಹೇಗೆ ಬಿದ್ದಿದೆ ಎಂದು ತಿಳಿಯಲು. ಆ ಹೊತ್ತಿಗೆ ಕೊಟ್ರಮ್ಮನ ಗಂಡ ಹಾಲೇಶ ಮತ್ತು ಅವನ ತಾಯಿ ಬಂದು ನನ್ನ ಹಿಂದೆಯೇ ನಿಂತಿದ್ದರು. ಊರಿಗೆಲ್ಲ ಬೆಲ್ಟಿನ ಪಾಠ ಹೇಳುವ ಮೇಷ್ಟ್ರು ಸ್ವಂತ ತಂಗಿಗೆ ಬೆಲ್ಟು ಹಾಕಿಸಲಿಲ್ಲ ಎಂದರೆ ನಾಳೆಯಿಂದ ನನ್ನ ಹತ್ತಿರ ಯಾರು ಕಲಿಯಲು ಬರುತ್ತಾರೆ — ಇದನ್ನೇ ಯೋಚಿಸಿದೆ. ತಂಗಿ ಸ್ಟ್ರೆಚರಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾಗ ನಾನು ನನ್ನ ಹೆಸರಿನ ಬಗ್ಗೆ ಯೋಚಿಸಿದೆ.

"ಹಾಕಿದ್ದೆ ಮೇಡಂ. ಹೊಟ್ಟಿಗೆ ಒತ್ತತೈತಿ ಅಂತ ಆಕಿನೇ ಬಿಚ್ಕೊಂಡ್ಳು."

ಮಗು ಉಳಿಯಲಿಲ್ಲ. ಗಂಡುಮಗು. ಅವಳ ಜೀವ ಉಳಿಸಲು ಗರ್ಭಕೋಶ ತೆಗೆಯಬೇಕಾಯಿತು. ಎರಡನೇ ದಿನ ಅವಳಿಗೆ ಚೆನ್ನಾಗಿ ಎಚ್ಚರವಾಗುವ ಹೊತ್ತಿಗೆ ನನ್ನ ಮಾತು ಊರೂರು ಸುತ್ತಿ ಬಂದಿತ್ತು. ಮೇಷ್ಟ್ರೇ ಹೇಳಿದ ಮೇಲೆ ಅನುಮಾನ ಪಡುವವರು ಯಾರು? ಅವಳ ಅತ್ತೆ ಹಾಸಿಗೆಯ ಪಕ್ಕದಲ್ಲೇ ನಿಂತು, "ತನ್ನ ಮೈ ಸುಖಕ್ಕ ನನ್ನ ಮೊಮ್ಮಗನ್ನ ನುಂಗಿದ್ಲು" ಎಂದರು. ಕೊಟ್ರಮ್ಮ ನನ್ನ ಕಡೆ ನೋಡಿದಳು. ನಾನು ಔಷಧಿ ಚೀಟಿ ಹಿಡಿದು ಹೊರಗೆ ಹೋದೆ.

ಅವಳಿಗೆ ಏನೂ ನೆನಪಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು. ಅಂದಿನಿಂದ ಅವಳ ಕೈಯಿಂದ ಯಾವ ಬಸುರಿಗೂ ಉಡಿ ತುಂಬಿಸುವುದಿಲ್ಲ. ಯಾರ ಮನೆಯ ತೊಟ್ಟಿಲಿಗೂ ಅವಳನ್ನು ಕರೆಯುವುದಿಲ್ಲ. ನಾನು ಯುಗಾದಿಗೆ ಸೀರೆ ಕೊಟ್ಟು ಬಂದೆ, ಪಂಚಮಿಗೆ ಉಂಡಿ ಕೊಟ್ಟು ಬಂದೆ. ಒಳ್ಳೆಯ ಅಣ್ಣ ಎಂದು ಓಣಿಯ ಹೆಂಗಸರು ಹೊಗಳಿದರು. ಥೂ.

ಹೋದ ತಿಂಗಳು ನನ್ನ ಮಗಳು ಸುಮಾಳ ಕುಬಸ ನಮ್ಮ ಮನೆಯಲ್ಲಾಯಿತು. ಕೊಟ್ರಮ್ಮ ಬೆಳಿಗ್ಗೆಯೇ ಬಂದಳು. ಹಡಗಲಿಯ ಮಲ್ಲಿಗೆ ತಂದಿದ್ದಳು, ತಾನೇ ಕಟ್ಟಿ ಅಣ್ಣನ ಮಗಳಿಗೆ ಮುಡಿಸಿದಳು. ಉಡಿ ತುಂಬುವಾಗ ಎಲ್ಲರ ಹಾಗೆ ಅವಳೂ ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡಳು. ನನ್ನ ಹೆಂಡತಿ ನಗುನಗುತ್ತಲೇ, "ಕೊಟ್ರಮ್ಮಾ, ಒಳಗ ಹುಗ್ಗಿ ತಳ ಹಿಡಿದೀತು, ಒಂಚೂರು ನೋಡ್ರಿ" ಎಂದಳು. ಕೊಟ್ರಮ್ಮ ಅಕ್ಕಿಯನ್ನು ತಿರುಗಿ ಮೊರದಲ್ಲಿ ಹಾಕಿ ಒಳಗೆ ಹೋದಳು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆರು ವರ್ಷದ ಹಿಂದಿನ ತಪ್ಪಿಗೆ ಗಾಬರಿ ಎಂದಾದರೂ ಹೇಳಬಹುದು. ಇದಕ್ಕೆ ಏನು ಹೇಳಲಿ?

ಕುಬಸ ಮುಗಿದು, ಗಂಡನ ಮನೆಯ ದೇವರ ಮುಂದೆ ಉಡಿ ಬಿಚ್ಚಿ ಬರಲು ಸುಮಾ ಹೊರಟಳು. ಅಳಿಯ ಕಾರಿನ ಬಾಗಿಲು ತೆಗೆದ. ಬೆಲ್ಟನ್ನು ಮೊದಲೇ ಸಿಕ್ಕಿಸಿ, ಅದರ ಮೇಲೆ ಅವಳನ್ನು ಕೂರಿಸಿದ. ಸೀಟು ಹಿಂದಕ್ಕೆ ಬಾಗಿಸಿದ. ಅವಳ ಮಡಿಲಲ್ಲಿ ಉಡಿ. "ತಡಿ! ಸರಿಯೋ ಆಚಿಗೆ!" ಎಂದು ಅಳಿಯನ ಮೇಲೆ ಕಿರುಚಿದೆ — ಬೀಗರ ಮುಂದೆಯೇ. ಉಡಿಯನ್ನು ಬಿಚ್ಚಿ, ಹಾಗೇ ಹಿಂದಿನ ಸೀಟಿನ ಮೇಲಿಟ್ಟೆ. ಸೀಟು ನೆಟ್ಟಗೆ ಮಾಡಿದೆ. ಕೆಳಪಟ್ಟಿ ಹೊಟ್ಟೆಯ ಕೆಳಗೆ, ಮೇಲಿನ ಪಟ್ಟಿ ಎದೆಯ ನಡುವೆ ಹಾಯ್ದು ಹೊಟ್ಟೆಯ ಮಗ್ಗುಲಿಗೆ. ಎರಡು ನಿಮಿಷದ ಕೆಲಸ. ಎರಡೇ ನಿಮಿಷ.

ಆಗ ಬೀಗಿತ್ತಿ ಸಮಾಧಾನದ ದನಿಯಲ್ಲಿ, "ಸಿಟ್ಟು ಬರೋದ ಮತ್ತ. ತಂಗಿ ಬೆಲ್ಟ್ ಬಿಚ್ಕೊಂಡು ಮಾಡ್ಕೊಂಡಿದ್ದು ಕಣ್ಣಾರೆ ಕಂಡಾರ, ಪಾಪ" ಎಂದರು. ಕೊಟ್ರಮ್ಮ ಹುಗ್ಗಿಯ ಸೌಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡಳು. ನನ್ನ ಮುಖ ನೋಡಲಿಲ್ಲ. ನೋಡುವುದನ್ನು ಅವಳು ಎಂದೋ ಬಿಟ್ಟಿದ್ದಳು, ನಾನು ಗಮನಿಸಿರಲಿಲ್ಲ.

ಮರುದಿನ ಹರಪನಹಳ್ಳಿಗೆ ಹೋದೆ. ಅವಳು ಪಡಸಾಲೆಯಲ್ಲಿ ಕಡಲೆಬೇಳೆ ಆರಿಸುತ್ತಿದ್ದಳು. ಎದುರಿಗೆ ಕೂತು ಹೇಳಿದೆ. ಬೆಲ್ಟು ನೀನು ಕೇಳಿದ್ದೆ, ನಾನು ಬೇಡ ಅಂದೆ, ಡಾಕ್ಟರಿಗೆ ಸುಳ್ಳು ಹೇಳಿದೆ — ಹೇಳುತ್ತಾ ಅಳು ಬಂತು. ಅವಳಿಗೆ ಬರಲಿಲ್ಲ.

"ಆವತ್ತು ನನಗ ಎಚ್ಚರ ಇತ್ತಣ್ಣಾ. ಕಣ್ಣು ತೆಗಿಯಾಕ ಆಗಲಿಲ್ಲ ಅಷ್ಟ. ನೀ ಅಂದಿದ್ದೆಲ್ಲ ಕೇಳಿಸ್ತು" ಎಂದಳು. ಬೇಳೆ ಆರಿಸುವುದನ್ನು ನಿಲ್ಲಿಸಲಿಲ್ಲ. "ಹೆದರ್ಯಾನ, ನಾಳಿಗೆ ಹೇಳ್ತಾನ ಅಂದ್ಕೊಂಡೆ. ನಾ ಬಾಯಿ ಬಿಟ್ರ ತವರಿನ ಬಾಗಿಲು ಮುಚ್ಚತೈತಿ, ನಮ್ಮಣ್ಣ ತಾನ ಹೇಳ್ಲಿ ಅಂತ ಕಾದೆ. ಅತ್ತಿ ಸಾಯೋಮಟ ಕಾದೆ. ಸಾಯೋ ಮುಂದ ಬಾಯಾರಿದ್ರೂ ನನ್ನ ಕೈಲಿ ನೀರು ಕುಡೀಲಿಲ್ಲ ಆಕಿ."

ಕಾಲು ಹಿಡಿಯಲು ಹೋದೆ. ಅವಳು ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತಳು. ಅವಳ ದನಿ ಆಗ ಏರಿತು, ಆರು ವರ್ಷದಲ್ಲಿ ಮೊದಲ ಸಲ. "ನನಗ್ಯಾಕ ಹೇಳ್ತಿ? ನನಗ ಗೊತ್ತಿಲ್ಲದ್ದು ಇದ್ರಾಗ ಏನೈತಿ? ನಿನ್ನ ಎದಿ ಹಗುರ ಮಾಡ್ಕೊಳ್ಳಾಕ ನಾನ ಬೇಕೇನು? ಹೋಗು, ಯಾರ್‍ಯಾರಿಗೆ ಸುಳ್ಳು ಹೇಳಿದ್ಯೋ ಅವರಿಗೆ ಹೇಳು."

ಆಕೆಯ ಅತ್ತೆಗೆ ಹೇಳಲು ಇನ್ನು ಆಗುವುದಿಲ್ಲ. ಎರಡು ವರ್ಷ ತಡವಾಯಿತು. ನನ್ನ ಹೆಂಡತಿಗೆ, ಮಗಳಿಗೆ, ಬೀಗರಿಗೆ ಹೇಳಿದ್ದು ಆಮೇಲೆ. ಕಲಿಯಲು ಬರುವವರಿಗೂ ಈಗ ಮೊದಲ ದಿನವೇ ಹೇಳುತ್ತೇನೆ, ಹೆಸರು ಮರೆಸದೆ. ಇಬ್ಬರು ಎದ್ದು ಹೋದರು, ಹೋಗಲಿ. ಆದರೆ ಎಲ್ಲಕ್ಕಿಂತ ಮೊದಲು ಹೇಳಿದ್ದು ಹಾಲೇಶನಿಗೆ, ಅದೇ ಸಂಜೆ. ಅವನು ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ. ಅಂಗಳದಲ್ಲೇ ನಿಂತು, ಸುತ್ತಿ ಬಳಸದೆ, ಎಲ್ಲವನ್ನೂ ಹೇಳಿದೆ. ಹೊಡೆಯಲಿ ಎಂದು ಕಾದೆ. ಅವನು ತಂಬಿಗೆ ಕೆಳಗಿಟ್ಟ. ನನ್ನ ಕಡೆ ತಿರುಗಿಯೂ ನೋಡದೆ ಬಾಗಿಲಲ್ಲಿದ್ದ ಹೆಂಡತಿಯನ್ನು ಕೇಳಿದ:

"ಬೆಲ್ಟ್ ಕೇಳಿದ್ದೆ ಅಂತ ನನಗ್ಯಾಕ ಹೇಳ್ಲಿಲ್ಲ ನೀನು?"

"ಹೆಂಗಾತು ಅಂತ ನೀವು ನನ್ನ ಒಂದಿನಾನೂ ಕೇಳ್ಲಿಲ್ರಿ" ಎಂದಳು ಕೊಟ್ರಮ್ಮ. "ಅಣ್ಣನ್ನ ಕೇಳಿದ್ರಿ."

ಹೌದು. ಎಲ್ಲರೂ ನನ್ನನ್ನೇ ಕೇಳಿದ್ದರು.